ನಾಯಿ ಮೂತ್ರದಿಂದ ಸುಡುತ್ತಿದ್ದ ಹುಲ್ಲು: ನನ್ನ ಅನುಭವ

ಉಡುಪಿಯಲ್ಲಿ ಮಳೆ ಬಿಟ್ಟ ಮೇಲೆ ನಮ್ಮ ಅಂಗಳದ ಹುಲ್ಲಿನಲ್ಲಿ ಹಳದಿ ಕಲೆಗಳು ಕಾಣಿಸಿಕೊಂಡವು. ನಡುವೆ ಸುಟ್ಟ ಹುಲ್ಲು, ಸುತ್ತ ಕಡು ಹಸಿರು ಬಳೆ. ನಾಯಿ ಮೂತ್ರದ ಗುರುತೇ ಈ ಬಳೆ. ಮೂತ್ರದ ಸಾರಜನಕ ನಡುವೆ ಜಾಸ್ತಿಯಾಗಿ ಸುಡುತ್ತದೆ, ಅಂಚಿನಲ್ಲಿ ಅದೇ ಗೊಬ್ಬರವಾಗುತ್ತದೆ. ಮಳೆಗಾಲದಲ್ಲಿ ಮಳೆಯೇ ತೊಳೆದುಬಿಡುತ್ತದೆ, ಅಲ್ವಾ? ಬೇಸಿಗೆಯಲ್ಲಿ ಆ ಕೆಲಸ ನಾವೇ ಮಾಡಿದೆವು. ನಾಯಿ ಮೂತ್ರ ಮಾಡಿದ ಕೂಡಲೇ ಅಲ್ಲಿಗೆ ಧಾರಾಳ ನೀರು.

ಆದರೆ ನಿಜವಾಗಿ ಕೈಹಿಡಿದದ್ದು ಜಾಗ ಬದಲಾಯಿಸಿದ್ದು. ತೆಂಗಿನ ಮರದಾಚೆ ಹೊಯಿಗೆ (ಮರಳು) ಹಾಕಿ, ದಿನಾ ಬೆಲ್ಟ್ ಹಿಡಿದು ಅಲ್ಲಿಗೇ ಕರೆದೊಯ್ದೆವು. ಅಲ್ಲಿ ಮಾಡಿದರೆ ತಕ್ಷಣ ಬಿಸ್ಕತ್ತು. ಪಾಪ, ಬೇಗ ಕಲಿತಿತು. ಸತ್ತ ಹುಲ್ಲು ಕೆರೆದು, ಚೆನ್ನಾಗಿ ನೀರು ಹಾಯಿಸಿ, ಪಕ್ಕದ ಹುಲ್ಲಿನ ಬೇರುಸಹಿತ ತುಂಡುಗಳನ್ನು ನೆಟ್ಟೆವು. ಮೂತ್ರದ ಗುಣ ಬದಲಿಸಲೆಂದು ಮಾರುವ ಮಾತ್ರೆಗಳನ್ನು ಪಶುವೈದ್ಯರನ್ನು ಕೇಳದೆ ಸುಮ್ನೆ ಕೊಡಬೇಡಿ.