ನನ್ನ ರೈಫಲ್‌ಗೆ 50 ಮೀಟರ್ ಝೀರೋ

ಹಗ್ಗದಲ್ಲಿ ನೇತುಹಾಕಿದ್ದ ತೆಂಗಿನಕಾಯಿ ಅಲುಗಾಡಲೂ ಇಲ್ಲ. ಮೂರು ಗುಂಡುಗಳೂ ಹಿಂದಿನ ಮಣ್ಣುಗುಡ್ಡೆ ಸೇರಿದ್ದವು. ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪ ಕೇಳಿದರು: "ಎಲ್ಲಿಗೆ ಗುರಿ ಇಟ್ಟೆ?"

"ಕಾಯಿಯ ಕೆಳಗೆ, ದೊಡ್ಡಪ್ಪ."

"ಕೆಳಗೆ ಏನಿತ್ತು?"

ಏನೂ ಇರಲಿಲ್ಲ. ಬರೀ ಗಾಳಿ.

ಅಜ್ಜನ ಕಾಲದಲ್ಲಿ ಬೇಟೆಗೆ ಹೋಗುತ್ತಿದ್ದ .22 ರೈಫಲ್ ಅದು. 1972ರ ವನ್ಯಜೀವಿ ಕಾಯ್ದೆಯ ನಂತರ ಮನೆಯಲ್ಲಿ ಬೇಟೆಯ ಮಾತೇ ನಿಂತಿತು. ಈಗ ಪರವಾನಗಿ ನನ್ನ ಹೆಸರಿನಲ್ಲಿದೆ. ಬೆಂಗಳೂರಿನ ಹೊರವಲಯದ ರೇಂಜ್‌ನಲ್ಲಿ ಕಾಗದದ ಗುರಿಗೆ, ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಸಮಯಕ್ಕೆ ಊರಿನ ಸ್ಪರ್ಧೆಯಲ್ಲಿ ತೆಂಗಿನಕಾಯಿಗೆ ಹೊಡೆಯುತ್ತೇನೆ. ಎರಡೂ ಕಡೆ ದೂರ 50 ಮೀಟರ್.

ಹಾಗಿದ್ದೂ ನಾನು 100 ಮೀಟರ್‌ಗೆ ಝೀರೋ ಮಾಡಿಕೊಂಡಿದ್ದೆ. ದೂರ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ನಂಬಿದ್ದ ಕಾಲವದು. ಗುಂಡು ನಳಿಗೆಯಿಂದ ಹೊರಟ ಕ್ಷಣದಿಂದಲೇ ನಳಿಗೆಯ ನೇರಕ್ಕಿಂತ ಕೆಳಗೆ ಇಳಿಯತೊಡಗುತ್ತದೆ; ಅದಕ್ಕೇ ನಳಿಗೆ ತುಸು ಮೇಲ್ಮುಖವಾಗಿರುವಂತೆ ಹೊಂದಿಸುತ್ತಾರೆ. ಸ್ಕೋಪಿನ, ಅಂದರೆ ರೈಫಲ್ ಮೇಲಿನ ದೂರದರ್ಶಕದ, ನೋಟ ಮಾತ್ರ ನೇರ ಗೆರೆ. ಗುಂಡಿನ ದಾರಿಯೂ ಆ ಗೆರೆಯೂ ಯಾವ ದೂರದಲ್ಲಿ ಕೂಡಬೇಕು ಎಂದು ನಿರ್ಧರಿಸುವುದೇ ಝೀರೋ. ಸೆಕೆಂಡಿಗೆ ಸುಮಾರು 325 ಮೀಟರ್ ವೇಗದ ನನ್ನ ತೋಟೆಗೆ, ನಳಿಗೆಯಿಂದ 38 ಮಿ.ಮೀ. ಎತ್ತರದ ಸ್ಕೋಪಿಗೆ ಲೆಕ್ಕ ಹಾಕಿದರೆ, 100ಕ್ಕೆ ಕೂಡಿಸಿದ ರೈಫಲ್ 50 ಮೀಟರ್‌ನಲ್ಲಿ ಸುಮಾರು 11 ಸೆಂ.ಮೀ. ಮೇಲೆ ಹೊಡೆಯುತ್ತದೆ. ಕಾಗದದ ಮೇಲೆ ಅಷ್ಟು ಕೆಳಗೆ ಗುರಿ ಇಡಲು ಗೆರೆಗಳಿವೆ. ತೂಗುವ ಕಾಯಿಯ ಕೆಳಗೆ ಗಾಳಿಯಲ್ಲಿ 11 ಸೆಂ.ಮೀ. ಅಳೆಯುವುದು ನನ್ನಿಂದ ಆಗಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ 50ಕ್ಕೆ ಝೀರೋ ಲೆಕ್ಕ ಮಾಡಿದೆ. 25 ಮೀಟರ್‌ನಲ್ಲಿ ಗುಂಡು ಒಂದು ಸೆಂಟಿಮೀಟರ್‌ಗಿಂತ ತುಸು ಮೇಲೆ. 60ರಲ್ಲಿ ಎರಡೂವರೆ ಸೆಂ.ಮೀ. ಕೆಳಗೆ. ಅಂದರೆ 10ರಿಂದ 60 ಮೀಟರ್‌ವರೆಗೆ ಕಾಯಿಯ ನಡುವಿಗೇ ಗುರಿ ಇಟ್ಟರೆ ಸಾಕು. 75ರಲ್ಲಿ 8 ಸೆಂ.ಮೀ., 100ರಲ್ಲಿ 20ಕ್ಕೂ ಹೆಚ್ಚು ಸೆಂ.ಮೀ. ಇಳಿಯುತ್ತದೆ. ಆ ದೂರಕ್ಕೆ ನಾನು ಹೊಡೆಯುವುದೇ ಇಲ್ಲ. ಕೈಯಲ್ಲಿರುವ ರೈಫಲ್ ಎಷ್ಟು ದೂರ ತಲುಪಬಲ್ಲದು ಎಂಬುದಕ್ಕಿಂತ ನಾನು ನಿಜಕ್ಕೂ ಎಷ್ಟು ದೂರಕ್ಕೆ ಹೊಡೆಯುತ್ತೇನೆ ಎಂಬುದನ್ನೇ ಮೊದಲು ಕೇಳಿಕೊಳ್ಳಬೇಕಿತ್ತು.

ಭಾನುವಾರ ಬೆಳಗಿನ ಜಾವವೇ ಹೊರಟೆ. ಸಂಚಾರದ ಭಯಕ್ಕಿಂತ ಗಾಳಿಯ ಭಯ ಹೆಚ್ಚು. ಜೂನ್, ಜುಲೈಯಲ್ಲಿ ಹೊತ್ತೇರಿದಂತೆ ಬೆಂಗಳೂರಿನ ಪಡುವಣ ಗಾಳಿ ಏರುವ ಮೊದಲೇ ಎಡಬಲದ ಹೊಂದಿಕೆ ಮುಗಿಸಬೇಕು. ಇಲ್ಲದಿದ್ದರೆ ಆ ದಿನದ ಗಾಳಿಯನ್ನೂ ಸೇರಿಸಿಯೇ ಝೀರೋ ಮಾಡಿದಂತಾಗುತ್ತದೆ. ಮರಳಿನ ಚೀಲವನ್ನು ನಳಿಗೆಗೆ ತಾಗದಂತೆ ಮುಂದಿನ ಮರದ ಭಾಗದ ಕೆಳಗೆ ಇಟ್ಟೆ. ಒರೆಸಿದ ನಳಿಗೆಯ ಮೊದಲ ಕೆಲವು ಗುಂಡುಗಳನ್ನು ಎಣಿಕೆಗೆ ಹಿಡಿಯಲಿಲ್ಲ. ಆಮೇಲೆ ಐದೈದು ಗುಂಡು ಹೊಡೆದು, ಗುಂಪಿನ ನಡುವನ್ನು ಗುರುತಿಸಿದೆ. ಒಂದೇ ತೂತನ್ನು ನಂಬಿ ಸ್ಕೋಪ್ ತಿರುಗಿಸಿದರೆ ಇಡೀ ಬೆಳಿಗ್ಗೆ ತೂತಿನ ಹಿಂದೆ ಓಡುತ್ತಿರಬೇಕಾಗುತ್ತದೆ.

ನನ್ನ ಸ್ಕೋಪಿನ ತಿರುಪಿನ ಒಂದು ಕ್ಲಿಕ್, ಗುಂಡು ಬೀಳುವ ಜಾಗವನ್ನು 50 ಮೀಟರ್‌ನಲ್ಲಿ 3.6 ಮಿ.ಮೀ. ಸರಿಸುತ್ತದೆ. ಕೆಳಕ್ಕೆ ಮೂವತ್ತು ಕ್ಲಿಕ್ ಎಣಿಸಿ ತಿರುಗಿಸಿದೆ. ಮುಂದಿನ ಐದು ಗುಂಡುಗಳ ಗುಂಪು ಅರ್ಧ ಸೆಂಟಿಮೀಟರ್ ಮೇಲೆ ಕೂತಿತು; ಇನ್ನೊಂದು ಕ್ಲಿಕ್, ನಡುವಿಗೆ ಬಂತು. ನಂತರ 25 ಮೀಟರ್‌ನ ಹಲಗೆಗೆ ಹೊಡೆದೆ. ಲೆಕ್ಕ ಹೇಳಿದಂತೆಯೇ ಒಂದು ಬೆರಳಿನಗಲ ಮೇಲೆ ಐದು ತೂತುಗಳು. ಆ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡಾಗ ಆದ ಸಮಾಧಾನ ದೊಡ್ಡದು.

ಇಷ್ಟೆಲ್ಲ ಆ ಒಂದು ಬಗೆಯ ತೋಟೆಗೆ ಮಾತ್ರ ಸಲ್ಲುತ್ತದೆ. ಹೆಚ್ಚು ವೇಗದ ತೋಟೆ ತುಂಬಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಅದಕ್ಕೇ ತೋಟೆಯ ಡಬ್ಬಿಯ ಮುಚ್ಚಳವನ್ನು ಕತ್ತರಿಸಿ, ಝೀರೋ ಮಾಡಿದ ತಾರೀಖು ಬರೆದು ರೈಫಲ್ ಚೀಲದೊಳಗೆ ಅಂಟಿಸಿದ್ದೇನೆ. ಊರಿಗೆ ಹೊರಡುವ ಹಿಂದಿನ ವಾರ ಅದೇ ತೋಟೆಯಲ್ಲಿ ಐದು ಗುಂಡು ಹೊಡೆದು ನೋಡುತ್ತೇನೆ. ನಡುವಿಗೆ ಬಿದ್ದರೆ ಸ್ಕೋಪ್ ಮುಟ್ಟುವುದಿಲ್ಲ.