ಸೋದರಿ ನಗರ ಸಂಬಂಧ: ಸಹಿಗಿಂತ ಮೊದಲು ಆಗಬೇಕಾದ ಕೆಲಸಗಳು

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ಮಿನ್ಸ್ಕ್ ಚೌಕವನ್ನು ದಿನವೂ ದಾಟುವವರಲ್ಲಿ ಅನೇಕರಿಗೆ ಅದು ಬೆಲಾರುಸ್ ದೇಶದ ರಾಜಧಾನಿಯ ಹೆಸರೆಂಬುದು ಗೊತ್ತಿರಲಾರದು. ಆ ಮಿನ್ಸ್ಕ್‌ನಲ್ಲಿಯೂ ಬೆಂಗಳೂರಿನ ಹೆಸರಿನ ಚೌಕವೊಂದಿದೆ. ಎರಡೂ ಚೌಕಗಳು 1973ರಲ್ಲಿ ಈ ಊರುಗಳ ನಡುವೆ ಏರ್ಪಟ್ಟ ಸೋದರಿ ನಗರ ಸಂಬಂಧದ, ಅಂದರೆ ಬೇರೆ ಬೇರೆ ದೇಶಗಳ ಎರಡು ನಗರಗಳು ಗೆಳೆತನಕ್ಕೂ ವಿನಿಮಯಕ್ಕೂ ಮಾಡಿಕೊಳ್ಳುವ ಒಪ್ಪಂದದ, ಗುರುತುಗಳು. ಇಂಥ ಸಂಬಂಧ ಬೆಳೆಸಬೇಕೆಂಬ ಉತ್ಸಾಹ ಈಗ ಸಣ್ಣ ನಗರಗಳಿಗೂ ಬಂದಿದೆ. ನಾನು ಹತ್ತಿರದಿಂದ ಕಂಡ ಎರಡು ಪ್ರಯತ್ನಗಳಲ್ಲಿ ಒಂದು ಸಹಿ ಹಾಕಿದ ದಿನದ ಛಾಯಾಚಿತ್ರದಲ್ಲೇ ಮುಗಿಯಿತು. ಇನ್ನೊಂದು ಛಾಯಾಚಿತ್ರದವರೆಗೂ ತಲುಪಲಿಲ್ಲ. ಆ ಅನುಭವದಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಊರನ್ನು ಆರಿಸಿಕೊಳ್ಳಬೇಕು. ಹೆಸರುವಾಸಿ ಊರಿಗೆ ಆಸೆಪಡಬೇಡಿ. ಪ್ಯಾರಿಸ್ಸೇ ಬೇಕೆಂದು ಹಠ ಹಿಡಿದ ಸದಸ್ಯರೊಬ್ಬರಿಗೆ, ಆ ನಗರವು 1956ರಿಂದ ರೋಮ್ ಒಂದನ್ನೇ ಅಂಥ ಸಂಬಂಧಕ್ಕೆ ಒಪ್ಪಿಕೊಂಡಿದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಭೆಯ ಸಮಯವೇ ಮುಗಿದಿತ್ತು. ಗಾತ್ರದಲ್ಲಿ, ಕಸುಬಿನಲ್ಲಿ, ತೊಂದರೆಗಳಲ್ಲಿ ನಿಮ್ಮ ಊರನ್ನು ಹೋಲುವ ಊರನ್ನು ಹುಡುಕಿರಿ. ಬಂದರು ನಗರವಾದ ಮಂಗಳೂರಿಗೆ 1968ರಿಂದ ಸೋದರಿಯಾಗಿರುವ ಕೆನಡಾದ ಹ್ಯಾಮಿಲ್ಟನ್ ಕೂಡ ಬಂದರು ಇರುವ ಊರು. ಇಂಥ ಕಡೆ ಎರಡೂ ಊರಿನವರು ಮಾತು ಆರಂಭಿಸಲು ವಿಷಯ ಹುಡುಕಬೇಕಾಗಿಲ್ಲ.

ಎರಡನೆಯದು ಸಮಿತಿ. ಸಂಬಂಧ ನಗರಗಳದ್ದೆಂದು ಕಾಗದದ ಮೇಲೆ ಇದ್ದರೂ ಅದನ್ನು ನಡೆಸುವವರು ಶಾಲೆಯ ಮುಖ್ಯೋಪಾಧ್ಯಾಯರು, ವೈದ್ಯರು, ರಂಗತಂಡದವರು, ವರ್ತಕರ ಸಂಘದವರು. ಅಮೆರಿಕದ ಸಿನ್ಸಿನಾಟಿಯು ನಮ್ಮ ಮೈಸೂರಿಗೂ ಸೋದರಿ, ಉಕ್ರೇನಿನ ಖಾರ್ಕಿವ್‌ಗೂ ಸೋದರಿ. 2022ರಲ್ಲಿ ಖಾರ್ಕಿವ್ ಮೇಲೆ ಬಾಂಬು ಬೀಳತೊಡಗಿದಾಗ ನೆರವು ಒಟ್ಟುಗೂಡಿಸಲು ಸಿನ್ಸಿನಾಟಿಯಲ್ಲಿ ಹೊಸ ಸಂಘ ಕಟ್ಟಬೇಕಾಗಲಿಲ್ಲ, ಏಕೆಂದರೆ ಸ್ವಯಂಸೇವಕರ ತಂಡವೊಂದು ಮೊದಲೇ ಅಲ್ಲಿತ್ತು. ನಮ್ಮ ಪಾಲಿಕೆಗಳಿಗೆ ಸಮಿತಿ ಇನ್ನೂ ಅಗತ್ಯ. ಬಹುಕಾಲದಿಂದ ಮೇಯರ್ ಗಾದಿಯ ಅವಧಿ ಒಂದೇ ವರ್ಷವಾಗಿರುವಲ್ಲಿ, ಮಾತುಕತೆ ಆರಂಭಿಸಿದ ಮೇಯರ್ ಸಹಿಯ ಹೊತ್ತಿಗೆ ಮಾಜಿಯಾಗಿರುತ್ತಾರೆ, ಆಯುಕ್ತರಿಗೂ ವರ್ಗಾವಣೆ ಆಗಿರುತ್ತದೆ. ಆಚೆ ಊರಿನ ಕನ್ನಡ ಕೂಟದವರು ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಆರಂಭಿಸಿಕೊಡುತ್ತಾರೆ, ಅವರನ್ನು ಕಡೆಗಣಿಸಬಾರದು. ಆದರೆ ಅಲ್ಲಿನ ಸಮಿತಿಯಲ್ಲಿ ನಮ್ಮವರೇ ತುಂಬಿಕೊಂಡರೆ ಅದು ಪರದೇಶದಲ್ಲಿ ನಡೆಯುವ ನಮ್ಮ ರಾಜ್ಯೋತ್ಸವವಾಗುತ್ತದೆಯೇ ಹೊರತು ಸೋದರಿ ನಗರ ಆಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಸದಸ್ಯರು ಆ ಊರಿನವರೇ ಆಗಿರಲೇಬೇಕು.

ಮೂರನೆಯದು ಮಂಜೂರಾತಿ. ಎಲ್ಲರೂ ಎಡವುವುದು ಇಲ್ಲಿಯೇ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿದೇಶಾಂಗ ವ್ಯವಹಾರವು ಕೇಂದ್ರ ಪಟ್ಟಿಗೆ ಸೇರಿದೆ. ಆದ್ದರಿಂದ ಪಾಲಿಕೆ ತನ್ನಷ್ಟಕ್ಕೆ ತಾನೇ ಪರದೇಶದ ನಗರದೊಂದಿಗೆ ಸಹಿ ಹಾಕುವಂತಿಲ್ಲ. ಮೊದಲು ಎರಡೂ ಕಡೆಯಿಂದ ಆಸಕ್ತಿ ತಿಳಿಸುವ ಸರಳ ಪತ್ರ, ಅನಂತರ ಪಾಲಿಕೆಯ ಸಾಮಾನ್ಯ ಸಭೆಯ ನಿರ್ಣಯ, ಅಲ್ಲಿಂದ ಆಯುಕ್ತರ ಮೂಲಕ ರಾಜ್ಯದ ನಗರಾಭಿವೃದ್ಧಿ ಇಲಾಖೆ, ಕೊನೆಗೆ ದೆಹಲಿಯ ವಿದೇಶಾಂಗ ಸಚಿವಾಲಯ: ಕಡತ ಈ ದಾರಿಯಲ್ಲಿಯೇ ನಡೆಯಬೇಕು. ಆಚೆ ಊರಿನ ಮೇಯರನ್ನು ಮೊದಲೇ ಆಹ್ವಾನಿಸಿ, ದಸರೆಯ ಹೊತ್ತಿಗೆ ಸಹಿ ಎಂದು ಪತ್ರಿಕೆಗೆ ತಿಳಿಸಿ, ಆಮೇಲೆ ಕಡತ ಬರೆಯಲು ಕೂರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ನಾನು ಕಂಡ ಎರಡನೆಯ ಪ್ರಯತ್ನ ಕೆಟ್ಟದ್ದು ಹೀಗೆಯೇ. ಅತಿಥಿಗಳು ವಿಮಾನದ ಟಿಕೆಟ್ ಪಡೆದಿದ್ದರು, ಕಡತ ಮಾತ್ರ ಮೇಲಿನ ಕಚೇರಿಯಿಂದ ಹಿಂದಿರುಗಿ ಬಂತು. ಬಿಚ್ಚಿ ನೋಡಿದರೆ, ‘ನಿರ್ಣಯದ ಪ್ರತಿ ಲಗತ್ತಿಸಿದೆ’ ಎಂದು ಬರೆದಿದ್ದ ಪತ್ರದ ಹಿಂದೆ ಸಭೆಯ ಹಾಜರಾತಿ ಹಾಳೆಯನ್ನು ಪಿನ್ನು ಹಾಕಿ ಸೇರಿಸಲಾಗಿತ್ತು. ನಿರ್ಣಯದ ಸಂಖ್ಯೆ ಎಲ್ಲಿಯೂ ಇರಲಿಲ್ಲ. ನಿರ್ಣಯದ ದೃಢೀಕೃತ ಪ್ರತಿ, ಕರಡು ಒಡಂಬಡಿಕೆ, ಆಚೆ ನಗರದ ಪತ್ರ, ಖರ್ಚನ್ನು ಯಾರು ಭರಿಸುತ್ತಾರೆಂಬ ಒಂದು ಪುಟದ ಟಿಪ್ಪಣಿ, ಈ ನಾಲ್ಕನ್ನು ಸಮಿತಿಯವರೇ ಕಣ್ಣಾರೆ ನೋಡಿದ ಮೇಲೆ ಕಡತ ಹೊರಡಲಿ.

ಖರ್ಚಿನ ವಿಚಾರದಲ್ಲಿಯೂ ಎಚ್ಚರ ಬೇಕು. ಆಚೆಯವರು ಶಾಲೆಗೆಂದು ಹಣ ಕಳುಹಿಸುವುದಾದರೆ, ಪಡೆಯುವ ಸಂಸ್ಥೆಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸರ್ಕಾರಿ ನೌಕರರು ಆಚೆಯವರ ಖರ್ಚಿನಲ್ಲಿ ಊಟ ವಸತಿ ಪಡೆಯಲು ಕೂಡ ಗೃಹ ಸಚಿವಾಲಯದ ಅನುಮತಿ ಬೇಕಾಗುತ್ತದೆ. ‘ಒಂದು ತಿಂಗಳಲ್ಲಿ ಸೋದರಿ ನಗರ ಮಾಡಿಸಿಕೊಡುತ್ತೇವೆ’ ಎಂದು ಬರುವ ಮಧ್ಯವರ್ತಿಗಳನ್ನು ಕಾಫಿ ಕೊಟ್ಟು ಕಳುಹಿಸಿಬಿಡಿ. ಅವರು ಕೊಡುವ ಹೊಳೆಯುವ ಪ್ರಮಾಣಪತ್ರಕ್ಕೆ ಗೋಡೆಯ ಮೊಳೆಯಷ್ಟೂ ಬೆಲೆಯಿಲ್ಲ.

ನಾಲ್ಕನೆಯದು ಒಡಂಬಡಿಕೆಯ ಬರಹ. ಎರಡು ಪುಟ ಸಾಕು. ‘ಸಂಸ್ಕೃತಿ, ಶಿಕ್ಷಣ, ವಾಣಿಜ್ಯ, ಪ್ರವಾಸೋದ್ಯಮ, ಕ್ರೀಡೆ, ತಂತ್ರಜ್ಞಾನ ಇತ್ಯಾದಿ’ ಎಂದು ಬರೆದರೆ ಏನನ್ನೂ ಬರೆಯದಂತೆಯೇ. ಮೂರು ಕೆಲಸಗಳನ್ನು ಮಾತ್ರ ಹೆಸರಿಸಿ, ಅವನ್ನು ಯಾವ ಹುದ್ದೆಯವರು ನೋಡಿಕೊಳ್ಳುತ್ತಾರೆಂದು ಸೂಚಿಸಿರಿ. ವ್ಯಕ್ತಿಗಳ ಹೆಸರು ಬೇಡ. ಹಣದ ಹೊಣೆ ಯಾರ ಮೇಲೂ ಇಲ್ಲವೆಂಬ ಮಾತು ಇರಲಿ. ಐದು ವರ್ಷಕ್ಕೊಮ್ಮೆ ಪರಾಮರ್ಶೆ ಇರಲಿ. ಸಂಬಂಧದಿಂದ ಬಿಡುಗಡೆಯ ಷರತ್ತನ್ನು ಬರೆಯುವುದು ಅಪಶಕುನವೆಂದು ಹಿಂಜರಿಯುವವರಿದ್ದಾರೆ. ಅವರಿಗೆ ಒಸಾಕಾದ ಕತೆ ಹೇಳಬೇಕು: ಜಪಾನಿನ ಆ ನಗರ 1957ರಿಂದ ಸ್ಯಾನ್ ಫ್ರಾನ್ಸಿಸ್ಕೊದೊಂದಿಗೆ ಇಟ್ಟುಕೊಂಡಿದ್ದ ಸಂಬಂಧವನ್ನು, ಯುದ್ಧಕಾಲದಲ್ಲಿ ಜಪಾನಿ ಸೇನೆಯ ಲೈಂಗಿಕ ಗುಲಾಮಗಿರಿಗೆ ಸಿಕ್ಕ ಹೆಣ್ಣುಮಕ್ಕಳಿಗಾಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಂತ ಸ್ಮಾರಕವೊಂದರ ಕಾರಣಕ್ಕೆ 2018ರಲ್ಲಿ ಒಸಾಕಾದ ಮೇಯರ್ ಪತ್ರ ಬರೆದು ಕಡಿದುಕೊಂಡರು. ಅರವತ್ತು ವರ್ಷ ಮೀರಿದ ನಂಟಿಗೂ ಒಂದೇ ಪತ್ರ ಸಾಕಾಯಿತು. ಆರು ತಿಂಗಳ ಮುನ್ಸೂಚನೆ ಮತ್ತು ಪಾಲಿಕೆ ಸಭೆಯ ನಿರ್ಣಯ ಇಲ್ಲದೆ ಮುರಿಯುವಂತಿಲ್ಲವೆಂದು ಬರೆದಿಟ್ಟರೆ ಕೋಪ ಆರಲು ಸಮಯವಾದರೂ ಸಿಗುತ್ತದೆ. ಬರಹ ಎರಡೂ ಭಾಷೆಗಳಲ್ಲಿ ಇರಬೇಕು, ಕನ್ನಡದ ಪ್ರತಿಯನ್ನು ಮನುಷ್ಯರೇ ಬರೆಯಬೇಕು. ಯಂತ್ರಾನುವಾದದ ಕರಡೊಂದು ನಮ್ಮ ಊರನ್ನು ಆಚೆ ಊರಿನ ‘ತಂಗಿ’ ಮಾಡಿತ್ತು. ಯಾರು ಅಕ್ಕ, ಯಾರು ತಂಗಿ ಎಂಬ ಚರ್ಚೆಯಲ್ಲಿ ಒಂದು ಸಭೆ ಹಾಳಾಯಿತು.

ಸಹಿಯ ಸಮಾರಂಭ ಸುಲಭದ ಕೆಲಸ: ಪೇಟ, ಹಾರ, ಎರಡು ಭಾಷಣ, ಊಟ. ಉಡುಗೊರೆಗೆ ಮಾತ್ರ ಗಂಧದ ಆನೆ ಬೇಡ. ಪೇಟೆಯಲ್ಲಿ ಸಿಗುವುದರಲ್ಲಿ ಹೆಚ್ಚಿನವು ಬೇರೆ ಮರಕ್ಕೆ ಪರಿಮಳ ಹಚ್ಚಿದಂಥವು, ತಿಂಗಳೊಳಗೆ ವಾಸನೆ ಹಾರಿಹೋಗುತ್ತದೆ. ಚನ್ನಪಟ್ಟಣದ ಗೊಂಬೆ ಕೊಡಿ, ಹಗುರ, ಮಕ್ಕಳಿಗೂ ಬೇಕಾಗುತ್ತದೆ.

ಮೊದಲ ವರ್ಷದಲ್ಲಿ ನಿಯೋಗದ ಪ್ರವಾಸವನ್ನು ಇಟ್ಟುಕೊಳ್ಳಲೇಬೇಡಿ. ಎರಡು ಶಾಲೆಗಳ ನಡುವೆ ಪತ್ರ ವ್ಯವಹಾರ, ಎರಡು ಗ್ರಂಥಾಲಯಗಳ ನಡುವೆ ಪುಸ್ತಕ ವಿನಿಮಯ, ತಿಂಗಳಿಗೊಮ್ಮೆ ಸಮಿತಿಗಳ ವಿಡಿಯೊ ಸಭೆ, ಇಷ್ಟು ನಡೆದರೆ ಬೇಕಾದಷ್ಟಾಯಿತು. ಆಚೆ ಊರು ಸಿನ್ಸಿನಾಟಿಯಂಥದ್ದಾದರೆ ನಮ್ಮ ರಾತ್ರಿ 7.30 ಅವರಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 10, ಚಳಿಗಾಲದಲ್ಲಿ ಬೆಳಿಗ್ಗೆ 9. ಅವರು ಗಡಿಯಾರ ತಿರುಗಿಸುವ ಮಾರ್ಚ್ ಮತ್ತು ನವೆಂಬರ್ ಸಭೆಗಳಿಗೆ ಹಿಂದಿನ ದಿನವೇ ಒಂದು ನೆನಪಿನ ಸಂದೇಶ ಕಳುಹಿಸಿ, ಸಮಯವನ್ನು ಎರಡೂ ಊರುಗಳ ಲೆಕ್ಕದಲ್ಲಿ ಬರೆಯಿರಿ.