ಹಳೇ ಕಾರಿನ ಇಸಿಎಂ ಬದಲಿಸುವ ಮೊದಲು ನೀರಿನ ದಾರಿ ಹುಡುಕಿ

ಮಲ್ಪೆ ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುವುದು ನನ್ನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟುಗಳು ಕಡಲಿಗೆ ಹೋಗುವಂತಿಲ್ಲ. ಆಗಲೂ ರಿಪೇರಿ ಕೆಲಸ ಇರುತ್ತದೆ, ಆದರೆ ರಾತ್ರಿ ಹನ್ನೆರಡಕ್ಕೆ ಫೋನ್ ಬರುವುದಿಲ್ಲ. ನಮ್ಮ ಮನೆಯ ಕಾರಿನ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ, ಬದಲಿಸಿದ್ದು ಹೋದ ವರ್ಷದ ಆ ಬಿಡುವಿನಲ್ಲಿ. ಅಪ್ಪ 2003ರಲ್ಲಿ ತೆಗೆದ ಪೆಟ್ರೋಲ್ ಕಾರು. ಎರಡು ಸಲ ಆರ್‌ಸಿ ರಿನ್ಯೂ ಆಗಿದೆ. ಇನ್ನೂ ಓಡಬೇಕು ಎಂಬುದು ನನ್ನ ಆಸೆ.

ಉದ್ಯಾವರ ಸೇತುವೆಯ ಮೇಲೆ, ಜೋರು ಮಳೆಯಲ್ಲಿ, ಎಂಜಿನ್ ಒಮ್ಮೆಲೇ ನಿಂತಿತು. ಕಾಲು ಗಂಟೆ ಬಿಟ್ಟು ತಾನಾಗಿಯೇ ಸ್ಟಾರ್ಟ್ ಆಯಿತು. ವಾರದಲ್ಲಿ ಮೂರು ಸಲ ಹೀಗೇ ಆಯಿತು, ನಾಲ್ಕನೇ ಸಲ ಸ್ಟಾರ್ಟ್ ಆಗಲೇ ಇಲ್ಲ. ಒಂದು ಗ್ಯಾರೇಜಿನಲ್ಲಿ ಮೀಟರ್ ಕೂಡ ಹಿಡಿಯದೆ "ಇಸಿಎಂ ಹೋಗಿದೆ, ಹೊಸದು ಹಾಕಿ" ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಆದರೆ ಯಾಕೆ ಹೋಯಿತು ಎಂದು ಯಾರೂ ನೋಡಲಿಲ್ಲ. ಹಾಗೇ ಹೊಸದು ಹಾಕಿದ್ದರೆ ಅದೂ ಮುಂದಿನ ಮಳೆಗೆ ಹೋಗುತ್ತಿತ್ತು.

ಮೊದಲು ಕಿವಿಯಿಂದ ಶುರು ಮಾಡಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್ ಲೈಟ್ ಉರಿಯಬೇಕು. ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪು ಎರಡು ಮೂರು ಸೆಕೆಂಡ್ ಗುಂಯ್ ಎನ್ನಬೇಕು. ನನ್ನ ಅಕ್ಕನ ಮಗನನ್ನು ಹಿಂದೆ ಕೂರಿಸಿದ್ದೆ. "ಮಾವ, ಎಂತ ಶಬ್ದವೂ ಇಲ್ಲ" ಎಂದ. ಲೈಟೂ ಇಲ್ಲ, ಪಂಪೂ ಇಲ್ಲ ಎಂದರೆ ಇಸಿಎಂ ಎಚ್ಚರವಾಗುತ್ತಿಲ್ಲ. ಅದು ಸತ್ತಿರಬಹುದು, ಇಲ್ಲವೇ ಅದಕ್ಕೆ ಕರೆಂಟೇ ಸಿಗದಿರಬಹುದು. ಎರಡಕ್ಕೂ ಲಕ್ಷಣ ಒಂದೇ.

ಬ್ಯಾಟರಿ ನೋಡಿ. ಫುಲ್ ಚಾರ್ಜ್ ಇದ್ದರೆ ಸುಮಾರು 12.6 ವೋಲ್ಟ್ ಇರುತ್ತದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ ಸರಿ ಮಾಡಿ. ಒಳ್ಳೆಯ ಇಸಿಎಂ ಕೂಡ ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ತಡವರಿಸುತ್ತದೆ. ಆಮೇಲೆ ಫ್ಯೂಸ್, ಇಸಿಎಂಗೆ ಕರೆಂಟ್ ಬಿಡುವ ಸ್ವಿಚ್ಚಾದ ಮೇನ್ ರಿಲೇ. ಹಾರ್ನ್ ರಿಲೇ ಅದೇ ನಂಬರಿನದ್ದಾಗಿದ್ದರೆ ಅದಲು ಬದಲು ಮಾಡಿ ನೋಡಬಹುದು.

ಕರೆಂಟ್ ಬರುತ್ತಿದೆಯಾ ಎಂದು ನೋಡುವಾಗ ಬರೀ ಮೀಟರ್ ನಂಬಬೇಡಿ. ಇದು ಬೋಟಿನಲ್ಲಿ ಕಲಿತದ್ದು. ಉಪ್ಪು ಗಾಳಿಗೆ ಒಳಗೊಳಗೇ ಕಿಲುಬು ಹಿಡಿದು ತಿಂದುಹೋದ ವಯರಿನಲ್ಲೂ ಮೀಟರ್ 12 ವೋಲ್ಟ್ ತೋರಿಸಬಹುದು. ಬಲ್ಬ್ ಹಿಡಿದರೆ ಬಣ್ಣ ಬಯಲಾಗುತ್ತದೆ, ಮಂಕಾಗಿ ಉರಿಯುತ್ತದೆ ಇಲ್ಲವೇ ಉರಿಯುವುದೇ ಇಲ್ಲ. ಇಸಿಎಂ ಕನೆಕ್ಟರ್ ಬಿಚ್ಚಿ, ಅದಕ್ಕೆ ಕರೆಂಟ್ ತರುವ ಫೀಡ್ ವಯರಿಗೂ ಅರ್ತ್ ವಯರಿಗೂ ನಡುವೆ ಒಂದು 5 ವಾಟಿನ ಪಾರ್ಕಿಂಗ್ ಬಲ್ಬ್ ಹಿಡಿಯಿರಿ. ಪೂರ್ತಿ ಬೆಳಕು ಬರಬೇಕು. ಈ ಬಲ್ಬನ್ನು ಸೆನ್ಸರ್ ವಯರಿಗೆ ಮಾತ್ರ ಯಾವತ್ತೂ ತಾಗಿಸಬೇಡಿ, ಸೆನ್ಸರೋ ಇಸಿಎಮ್ಮೋ ಸುಟ್ಟುಹೋಗಬಹುದು. ಯಾವ ಪಿನ್ ಯಾವುದು ಎಂಬುದಕ್ಕೆ ನಿಮ್ಮ ಮಾಡೆಲಿನ ವಯರಿಂಗ್ ಡಯಾಗ್ರಾಂ ಬೇಕೇ ಬೇಕು. ಅಂದಾಜಿನಲ್ಲಿ ಮಾಡುವ ಕೆಲಸವಲ್ಲ ಇದು.

ಕನೆಕ್ಟರ್ ಮತ್ತೆ ಹಾಕಿ, ಥ್ರಾಟಲ್ ಸೆನ್ಸರಿನಲ್ಲಿ ಇಸಿಎಂ ಕೊಡುವ 5 ವೋಲ್ಟ್ ಇದೆಯಾ ನೋಡಿ. ಇಲ್ಲದಿದ್ದರೆ ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ, ತಪ್ಪು ಆ ಸೆನ್ಸರಿನದ್ದು. ಇಸಿಎಂ ಚೆನ್ನಾಗಿದೆ ಎಂದರ್ಥ. ಇದೊಂದು ನೋಡದೆ ಎಷ್ಟೋ ಒಳ್ಳೆಯ ಇಸಿಎಂಗಳು ಗುಜರಿಗೆ ಹೋಗುತ್ತವೆ.

ಸ್ಕ್ಯಾನರ್ ಬಗ್ಗೆ ಒಂದು ಮಾತು. ಕಾರಿನ ತಪ್ಪುಗಳನ್ನು ಒಂದೇ ರೀತಿಯ ಕೋಡಿನಲ್ಲಿ ಹೇಳುವ ಒಬಿಡಿ-2 ವ್ಯವಸ್ಥೆ ನಮ್ಮಲ್ಲಿ ಕಡ್ಡಾಯವಾದದ್ದು 2013ರ ಏಪ್ರಿಲಿನಿಂದ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳ ಜೊತೆ ಮೊಬೈಲಿನ ಬ್ಲೂಟೂತ್ ಡಾಂಗಲ್ ಮಾತಾಡುವುದಿಲ್ಲ. ಸುಮ್ನೆ ಗಾಬರಿ ಬೇಡ. ಹಳೇ ಅಡಾಪ್ಟರ್ ಇರುವ ಗ್ಯಾರೇಜ್ ಸ್ಕ್ಯಾನರ್ ಹಾಕಿಸಿ. ಪಿ0601, ಪಿ0605 ಅಂಥ ಕೋಡ್ ಬಂದರೆ ಇಸಿಎಂ ತನ್ನ ಒಳಗಿನ ತಪ್ಪನ್ನೇ ಹೇಳುತ್ತಿದೆ.

ನನ್ನ ಕಾರಿನಲ್ಲಿ ಫೀಡ್, ಅರ್ತ್ ಎರಡೂ ಸರಿ ಇದ್ದವು. ಸ್ಕ್ಯಾನರಿಗೆ ಉತ್ತರ ಇಲ್ಲ. ಎಡಗಡೆ ಗ್ಲೋವ್ ಬಾಕ್ಸ್ ಹಿಂದಿದ್ದ ಡಬ್ಬಿಯನ್ನು ಹೊರಗೆ ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೆ. ಮೊದಲು ಮೂಗಿಗೆ ಗೊತ್ತಾಯಿತು. ಸೋರಿದ ಕೆಪಾಸಿಟರಿಗೆ ಹಳಸಿದ ಮೀನಿನಂಥ ವಾಸನೆ ಬರುವುದುಂಟು. ಒಂದರ ಬುಡದಲ್ಲಿ ಕಂದು ಅಂಟು. ಕನೆಕ್ಟರ್ ಕಡೆ ಎರಡು ಪಿನ್ನಿಗೆ ಹಸಿರು ಕಿಲುಬು. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರೆ ಕಿಲುಬಿನ ಜೊತೆ ಬೋರ್ಡಿನ ತಾಮ್ರದ ಗೆರೆಯೇ ಎದ್ದು ಬಂತು. ಬರೀ ಕೆಪಾಸಿಟರ್ ಆಗಿದ್ದರೆ ಅದೇ ಮೈಕ್ರೋಫ್ಯಾರಡ್, ಅದೇ ವೋಲ್ಟೇಜಿನ, 105 ಡಿಗ್ರಿ ಬಿಸಿ ತಡೆಯುವಂಥದ್ದು ಹಾಕಿ ಉಳಿಸಬಹುದಿತ್ತು. ಪದರ ಪದರದ ಬೋರ್ಡಿನ ಒಳಗೆ ಗೆರೆ ಹೋದರೆ ನಂಬಿಕೆ ಇಡುವಂತಿಲ್ಲ. ಅಂಟು ತುಂಬಿ ಸೀಲ್ ಮಾಡಿದ ಡಬ್ಬಿಯಾದರೆ ನೀವು ಬಿಚ್ಚಲು ಹೋಗಬೇಡಿ.

ಅಷ್ಟು ಒಳಗೆ ನೀರು ಬಂದದ್ದು ಎಲ್ಲಿಂದ? ಕಾರು ನಿಲ್ಲಿಸುವುದು ಮಾವಿನ ಮರದ ಕೆಳಗೆ. ವೈಪರ್ ಕೆಳಗಿನ ಜಾಲಿ ತೆಗೆದರೆ ಎರಡು ಹಿಡಿ ಕೊಳೆತ ಎಲೆ. ನೀರು ಹೋಗುವ ತೂತು ಮುಚ್ಚಿ, ಅಲ್ಲಿ ಕೆರೆಯ ಹಾಗೆ ನೀರು ನಿಂತಿತ್ತು. ಪಕ್ಕದಲ್ಲಿ ವಯರಿನ ಕಟ್ಟು ಒಳಗೆ ಹೋಗುವ ರಬ್ಬರ್ ಬಿರುಕು ಬಿಟ್ಟಿತ್ತು. ನೀರು ವಯರಿನ ಮೈ ಹಿಡಿದು ಇಳಿದು ನೇರ ಕನೆಕ್ಟರಿಗೆ. ಬೋಟಿನಲ್ಲಿ ನಾವು ಯಾವ ವಯರನ್ನೂ ಮೇಲಿನಿಂದ ನೇರ ಡಬ್ಬಿಗೆ ಇಳಿಸುವುದಿಲ್ಲ. ಡಬ್ಬಿಗಿಂತ ಒಂದು ಗೇಣು ಕೆಳಗೆ ಇಳಿಸಿ, ಮತ್ತೆ ಮೇಲೆ ತಂದು ಒಳಗೆ ಹಾಕುತ್ತೇವೆ. ಬಂದ ನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕಾರಿನಲ್ಲೂ ಕ್ಲಿಪ್ ಬಿಚ್ಚಿ, ಕಟ್ಟನ್ನು ಸಡಿಲಿಸಿ ಅದೇ ರೀತಿ ಮಾಡಿದೆ. ರಬ್ಬರ್ ಬದಲಿಸಿ ಸುತ್ತ ಸಿಲಿಕಾನ್ ಹಚ್ಚಿದೆ.

ಇಸಿಎಂಗೆ ಇನ್ನೊಂದು ಕೊಲೆಗಾರ ಶಾರ್ಟ್ ಆದ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವುದು) ಅಥವಾ ಕಾಯಿಲ್ (ಕಿಡಿ ಕೊಡುವುದು). ಇಂಥ ಕಾರುಗಳ ಇಂಜೆಕ್ಟರ್ ಸಾಮಾನ್ಯವಾಗಿ 12ರಿಂದ 16 ಓಮ್ ತೋರಿಸುತ್ತದೆ. ನನ್ನ ನಾಲ್ಕೂ 14ರ ಆಚೀಚೆ ಇದ್ದವು. ಒಂದು ಮಾತ್ರ 3 ಅಥವಾ 4 ತೋರಿಸಿದರೆ ಅದನ್ನು ಬದಲಿಸದೆ ಬೇರೆ ಇಸಿಎಂ ಹಾಕಲೇಬೇಡಿ.

ಈಗ ಖರೀದಿ. ಡಬ್ಬಿಯ ಚೀಟಿಯಲ್ಲಿರುವ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಒಂದೇ ಮಾಡೆಲಿನಲ್ಲಿ ಗೇರಿಗೆ, ಭಾರತ್ ಸ್ಟೇಜ್ ಎಂಬ ಹೊಗೆ ಮಿತಿಗೆ ತಕ್ಕಂತೆ ಬೇರೆ ಬೇರೆ ಇಸಿಎಂ ಇರುತ್ತದೆ. ಮಂಗಳೂರಿನ ಗುಜರಿಗಳಲ್ಲಿ ಸಿಗಲಿಲ್ಲ. ಬೆಂಗಳೂರು ಶಿವಾಜಿನಗರದ ಗುಜರಿಯಿಂದ ತರಿಸಿದೆ, 4,500 ರೂಪಾಯಿ. ಚೀಟಿಯ ಫೋಟೊ, ಪಿನ್ನುಗಳ ಫೋಟೊ ಎರಡೂ ತರಿಸಿಕೊಂಡ ಮೇಲೆಯೇ ದುಡ್ಡು ಹಾಕಿದ್ದು.

ನಂಬರ್ ಹೊಂದಿದರೂ ಒಂದು ಗಂಟು ಉಳಿಯುತ್ತದೆ, ಕಳ್ಳತನ ತಡೆಯುವ ಇಮ್ಮೊಬಿಲೈಸರ್. ಕೀ ಒಳಗೆ ಚಿಪ್ ಇರುವ ಕಾರಾದರೆ ಇಸಿಎಂ ಆ ಚಿಪ್ಪನ್ನು ಗುರುತಿಸಬೇಕು. ಬೇರೆ ಕಾರಿನ ಇಸಿಎಂ ನಿಮ್ಮ ಕೀಯನ್ನು ಒಪ್ಪುವುದಿಲ್ಲ. ಅದೇ ಗುಜರಿ ಕಾರಿನ ಇಸಿಎಂ, ಇಮ್ಮೊಬಿಲೈಸರ್ ಡಬ್ಬಿ, ಕೀ ಚಿಪ್ ಮೂರನ್ನೂ ಒಟ್ಟಿಗೆ ತರುವುದು ಒಂದು ದಾರಿ. ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಹಳೇ ಬೋರ್ಡಿನಲ್ಲಿ ಎಂಟು ಕಾಲಿನ ಸಣ್ಣ ಮೆಮೊರಿ ಚಿಪ್ ಇರುತ್ತದೆ, ಹೆಚ್ಚಾಗಿ 93 ಅಥವಾ 24ರಿಂದ ಶುರುವಾಗುವ ನಂಬರಿನದ್ದು. ಅದರಲ್ಲಿರುವುದನ್ನು ಪ್ರೋಗ್ರಾಮರಿನಲ್ಲಿ ಓದಿ ಹೊಸ ಬೋರ್ಡಿನ ಚಿಪ್ಪಿಗೆ ಬರೆಯಬಹುದು. ನನ್ನ ಬೋರ್ಡ್ ಹಾಳಾದರೂ ಚಿಪ್ ಉಳಿದಿತ್ತು. ಮಂಗಳೂರಿನಲ್ಲಿ ಈ ಕೆಲಸ ಮಾಡುವ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟ. ಎರಡೂ ಚಿಪ್ಪಿನ ಫೈಲ್ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದೇನೆ. ಚಿಪ್ ಬರೆಯುವವನು ಮೊದಲು ಆರ್‌ಸಿ ತೋರಿಸಿ ಎಂದರೆ ಬೇಸರ ಬೇಡ, ಕೇಳುವವನೇ ಸರಿಯಾದವನು.

ಹಾಕುವ ಕೆಲಸ ಚಿಕ್ಕದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಬಿಡಿ. ಬೋರ್ಡ್ ಮುಟ್ಟುವ ಮೊದಲು ಬಾಡಿಯ ಬಣ್ಣವಿಲ್ಲದ ಕಬ್ಬಿಣವನ್ನು ಮುಟ್ಟಿ. ಕನೆಕ್ಟರಿನ ಲಾಕ್ ಒತ್ತಿ ತೆಗೆಯಿರಿ, ವಯರ್ ಹಿಡಿದು ಎಳೆಯಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಪೂರ್ತಿ ಒಣಗಲಿ. ಪಿನ್ನಿಗೆ ಸ್ಯಾಂಡ್ ಪೇಪರ್ ಉಜ್ಜಿದರೆ ಮೇಲಿನ ಲೇಪ ಹೋಗಿ ಮತ್ತೆ ಬೇಗ ಕಿಲುಬು ಹಿಡಿಯುತ್ತದೆ. ಅರ್ತ್ ರಿಂಗ್ ಕೂರುವ ಜಾಗವನ್ನು ಮಾತ್ರ ಚೆನ್ನಾಗಿ ಕೆರೆದು ಬಿಗಿ ಮಾಡಿ.

ಬ್ಯಾಟರಿ ಹಾಕಿ ಕೀ ಆನ್ ಮಾಡಿದೆ. ಲೈಟ್ ಹತ್ತಿತು. ಹಿಂದಿನಿಂದ "ಬಂತು ಮಾವ, ಶಬ್ದ ಬಂತು" ಎಂಬ ಕೂಗು. ಎಸಿ ಇಲ್ಲದೆ ಹತ್ತು ನಿಮಿಷ, ಎಸಿ ಹಾಕಿ ಹತ್ತು ನಿಮಿಷ ಐಡಲಿಂಗ್ ಬಿಟ್ಟೆವು. ಮೊದಲ ಎರಡು ದಿನ ಐಡಲ್ ಏರಿಳಿಯುತ್ತಿತ್ತು. ಇಸಿಎಂ ಆ ಎಂಜಿನ್ನಿನ ಅಭ್ಯಾಸ ಕಲಿಯುವವರೆಗೆ ಹಾಗೆ ಆಗುವುದುಂಟು. ಕಾಪುವರೆಗೆ ಮೂರು ನಾಲ್ಕು ಸಲ ಹೋಗಿ ಬಂದ ಮೇಲೆ ಸರಿಯಾಯಿತು.

ಮುಂದೆ ನಿಮ್ಮ ಕಾರಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಮತ್ತು ಇಸಿಎಂ ಕನೆಕ್ಟರ್ ಎರಡನ್ನೂ ಬಿಚ್ಚಿಸಿ. ಈಗ ಮೇ ಕೊನೆಯ ವಾರ ವೈಪರ್ ಕೆಳಗಿನ ಜಾಲಿ ತೆಗೆದು ಒಂದೊಂದು ಚೊಂಬು ನೀರು ಸುರಿಯುತ್ತೇನೆ. ಎರಡೂ ಕಡೆ ನೀರು ಕೆಳಗೆ ಬಿತ್ತಾ ಎಂದು ಅಳಿಯ ಬಗ್ಗಿ ನೋಡಿ ಹೇಳುತ್ತಾನೆ.